350 ಬಾಕ್ಸ್ ಟೊಮೆಟೊ, ಮೂರು ಠಾಣೆ, ಒಂದು ಟೋಲ್ ಮೆಸೇಜ್

ಮುಳಬಾಗಿಲು ತೋಟ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ತಿಂಗಳು ನಮ್ಮ ತೋಟದ್ದು, ಪಕ್ಕದ ಇಬ್ಬರದ್ದು ಸೇರಿಸಿ 350 ಬಾಕ್ಸ್ ಟೊಮೆಟೊ ಚೆನ್ನೈನ ಕೋಯಂಬೇಡು ಮಾರ್ಕೆಟ್ಟಿಗೆ ಕಳಿಸಿದೆವು. ಕೋಲಾರ ಮಂಡಿಗೇ ಹಾಕಬಹುದಿತ್ತು. ಚೆನ್ನೈನಲ್ಲಿ ಬಾಕ್ಸಿಗೆ ನೂರು ರೂಪಾಯಿ ಜಾಸ್ತಿ ಸಿಗುತ್ತದೆ ಅಂತ ಆಸೆ. ಯಾವಾಗಲೂ ಬರುವ ಗಾಡಿಯವನು ಮನೆಯಲ್ಲಿ ಮದುವೆ ಅಂತ ಬರಲಿಲ್ಲ. ಬ್ರೋಕರ್ ಒಬ್ಬರು ಬೇರೆ ಕ್ಯಾಂಟರ್ ಹೊಂದಿಸಿ ಕೊಟ್ಟರು. ರಾತ್ರಿ ಒಂಬತ್ತಕ್ಕೆ ಲೋಡ್ ಮುಗಿಯಿತು. ಡ್ರೈವರ್ ಒಳ್ಳೆ ಮಾತಿನವನು. ನಮ್ಮ ಮನೆಯಲ್ಲೇ ಮುದ್ದೆ, ಬಸ್ಸಾರು ಉಂಡು ಹೊರಟ. ಆ ಊಟ ನೆನೆಸಿಕೊಂಡರೆ ನಮ್ಮ ಮನೆಯವಳಿಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಟೊಮೆಟೊಗಿಂತ ಅದೇ ಜಾಸ್ತಿ.

10:45ಕ್ಕೆ ಫೋನ್ ಮಾಡಿ "ನಂಗಲಿ ದಾಟಿದೆ ಅಣ್ಣ, ಬೆಳಗ್ಗೆ ನಾಲ್ಕಕ್ಕೆ ಮಾರ್ಕೆಟ್ಟಲ್ಲಿ ಇರುತ್ತೇನೆ" ಅಂದ. ನಂಗಲಿ ಅಂದರೆ ನಮ್ಮ ಕಡೆಯ ಆಂಧ್ರ ಗಡಿ. ಆಮೇಲೆ ಫೋನ್ ಸ್ವಿಚ್ ಆಫ್. ಐದು ಗಂಟೆಗೆ ಚೆನ್ನೈ ಮಂಡಿಯವರು ಗಾಡಿ ಬಂದಿಲ್ಲ ಅಂದರು.

ನಮ್ಮ ಕಡೆಯ ಠಾಣೆಗೆ ಹೋದೆ. "ಗಾಡಿ ಗಡಿ ದಾಟಿದೆ ಅಂತ ನೀವೇ ಹೇಳುತ್ತಿದ್ದೀರಿ, ಆಂಧ್ರದಲ್ಲಿ ಕೊಡಿ" ಅಂದರು. ಬೈಕಿನಲ್ಲಿ ಅಲ್ಲಿಗೆ ಹೋದರೆ "ಲೋಡ್ ಆಗಿದ್ದು ಎಲ್ಲಿ? ಅಲ್ಲೇ ಕೊಡಿ" ಅಂತ ತೆಲುಗಿನಲ್ಲಿ ಅದೇ ಮಾತು. ತಮಿಳುನಾಡಿನ ಕಡೆ ಪರಿಚಯದವರ ಮೂಲಕ ಒಂದು ಠಾಣೆಗೆ ಫೋನ್ ಮಾಡಿಸಿದೆ. ಗಾಡಿ ಅಲ್ಲಿಗೆ ಬಂದ ದಾಖಲೆಯೇ ಇಲ್ಲವಲ್ಲ, ಏನು ಬರೆದುಕೊಳ್ಳೋದು ಅಂದರು. ಅದೂ ನ್ಯಾಯವೇ ಅನ್ನಿ. ಎರಡು ದಿನ ಹೀಗೇ ಕಳೆಯಿತು.

ಮೂರನೇ ದಿನ ಗಾಡಿ ಮಾಲೀಕನನ್ನು ಹುಡುಕಿಕೊಂಡು ಹೋದೆವು. ಅವನಿಗೂ ಈ ಡ್ರೈವರ್ ಹತ್ತು ದಿನದ ಪರಿಚಯ. ಸುಮ್ನೆ ಅವನ ಮೊಬೈಲ್ ಮೆಸೇಜು ನೋಡುತ್ತಿದ್ದಾಗ ಸಿಕ್ಕಿತು. ಫಾಸ್ಟ್ಯಾಗ್ ದುಡ್ಡು ಕಟ್ ಆದ ಮೆಸೇಜು. ರಾತ್ರಿ 11:20, ಹೊಸಕೋಟೆ ಕಡೆಯ ಟೋಲ್. ನಂಗಲಿಯಿಂದ ಅಲ್ಲಿಗೆ ಮೂವತ್ತೈದು ನಿಮಿಷದಲ್ಲಿ ಬರಬೇಕೆಂದರೆ ಲೋಡ್ ಗಾಡಿಗೆ ರೆಕ್ಕೆ ಬೇಕು. ಅವನು ನಂಗಲಿ ಮುಖವನ್ನೇ ನೋಡಿರಲಿಲ್ಲ. ಮುಳಬಾಗಿಲಿನಿಂದ ಸೀದಾ ಬೆಂಗಳೂರಿನ ಕಡೆ ತಿರುಗಿಸಿದ್ದ. ಗಡಿ ದಾಟದ ಗಾಡಿಗೋಸ್ಕರ ನಾನು ಮೂರು ರಾಜ್ಯದ ಠಾಣೆ ಸುತ್ತಿದ್ದೆ.

ನಾಲ್ಕನೇ ದಿನ ಖಾಲಿ ಕ್ಯಾಂಟರ್ ರಸ್ತೆ ಪಕ್ಕ ಸಿಕ್ಕಿತು. ಹಣ್ಣು ಅಷ್ಟರಲ್ಲಿ ಯಾರದೋ ಸಾಂಬಾರಾಗಿ ಜೀರ್ಣ ಆಗಿತ್ತು. ಎರಡು ಲಕ್ಷದ ಮೇಲೆ ಹೋಯಿತು. ಈಗ ಎಫ್‌ಐಆರ್ ಆಗಿದೆ.

ಯಾರನ್ನೂ ಬೈಯಲು ಬರೆದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಆ ಕಡೆ ಚಿತ್ತೂರು, ಕೃಷ್ಣಗಿರಿ, ಎಲ್ಲ ಕಡೆ ಪೊಲೀಸರು ಇದ್ದಾರೆ. ಒಬ್ಬರ ಕಿವಿಗೆ ಬಿದ್ದಿದ್ದು ಇನ್ನೊಬ್ಬರ ಕಿವಿಗೆ ಅದೇ ರಾತ್ರಿ ಬೀಳುವ ಹಾಗೆ ಮಾಡಲು ದಾರಿ ಇದೆಯಾ? ಮೊದಲ ಎರಡು ಗಂಟೆಯಲ್ಲಿ ನಾವು ಏನು ಮಾಡಬೇಕಿತ್ತು?

ಚಿಂತಾಮಣಿ ಹುಡುಗ

ಅಣ್ಣ, ಓದಿ ಬೇಜಾರಾಯಿತು. 2023ರ ಜುಲೈ ನೆನಪಾಯಿತು. ಬಾಕ್ಸು 2,000 ದಾಟಿತ್ತಲ್ಲ. ಹಿರಿಯೂರಿನಿಂದ ಕೋಲಾರಕ್ಕೆ ಬರುತ್ತಿದ್ದ ಗಾಡಿಯನ್ನು ಬೆಂಗಳೂರಿನ ಹತ್ತಿರ ಅಡ್ಡ ಹಾಕಿದ್ದರು. ನಮ್ಮ ಕಾರಿಗೆ ಗುದ್ದಿದ್ದೀರಿ ಅಂತ ಜಗಳ ತೆಗೆದು, ದುಡ್ಡು ಕೇಳಿ, ಕೊನೆಗೆ ಗಾಡಿಯನ್ನೇ ಹೊಡೆದುಕೊಂಡು ಹೋದರು. ಎರಡು ಟನ್ನಿಗೂ ಮೇಲೆ ಮಾಲು. ಚೆನ್ನೈನಲ್ಲಿ ಮಾರಿ, ಖಾಲಿ ಗಾಡಿ ವಾಪಸ್ ತಂದು ಬಿಟ್ಟು ಹೋಗಿದ್ದರು. ಬೆಂಗಳೂರಿನ ಆರ್‌ಎಂಸಿ ಯಾರ್ಡ್ ಪೊಲೀಸರು ತಮಿಳುನಾಡಿನ ಗಂಡ ಹೆಂಡತಿಯನ್ನು ಹಿಡಿದರು.

ಅದೇ ತಿಂಗಳ ಕೊನೆಯಲ್ಲಿ ಕೋಲಾರದಿಂದ ಜೈಪುರಕ್ಕೆ ಹೊರಟ ಲಾರಿ, ಸುಮಾರು 21 ಲಕ್ಷದ ಮಾಲು. ಡ್ರೈವರ್ ಗುಜರಾತಿನಲ್ಲೇ ಮಾರಿಬಿಟ್ಟಿದ್ದ.

ಲಾರಿ ಜೀವನ

ನೋಡಿ, ಶುರುವಾಯಿತು. ಎಲ್ಲದಕ್ಕೂ ಡ್ರೈವರ್ ಕಳ್ಳ.

ನಾನು ಇಪ್ಪತ್ತೆರಡು ವರ್ಷ ಓಡಿಸಿದ್ದೇನೆ. ಕೋಲಾರದಿಂದ ದೆಹಲಿ, ಕೋಲ್ಕತ್ತಾ ಎಲ್ಲ. ಒಂದು ಬಾಕ್ಸು ಕಡಿಮೆ ಆದರೂ ನಮ್ಮ ಬಾಡಿಗೆಯಲ್ಲಿ ಹಿಡಿಯುತ್ತಾರೆ. ಢಾಬಾದ ಮುಂದೆ ಅರ್ಧ ಗಂಟೆ ಕಣ್ಣು ಮುಚ್ಚಿದರೆ ಟಾರ್ಪಾಲು ಕೊಯ್ದು ಇಳಿಸಿಕೊಳ್ಳುತ್ತಾರೆ. ಏರು ದಾರಿಯಲ್ಲಿ ಗಾಡಿ ನಿಧಾನ ಆದಾಗ ಹಿಂದಿನಿಂದ ಹತ್ತುತ್ತಾರೆ. ಮುಂದೆ ಕೂತವನಿಗೆ ಕಾಣುತ್ತದೆಯೇ? ಖಾಕಿ ಪ್ಯಾಂಟು ಹಾಕಿಕೊಂಡು ಟಾರ್ಚ್ ಬಿಟ್ಟರೆ ನಿಲ್ಲಿಸಬೇಕೋ ಬೇಡವೋ? ನಿಲ್ಲಿಸದಿದ್ದರೆ ನಿಜವಾದ ಪೊಲೀಸ್ ಆಗಿದ್ದರೆ ಕೇಸು, ನಿಲ್ಲಿಸಿದರೆ ಕಳ್ಳರಾಗಿದ್ದರೆ ಏಟು.

ಲಾರಿ ನಿಲ್ಲಿಸಿಕೊಂಡು ಧೈರ್ಯವಾಗಿ ಮಲಗುವ ಜಾಗ ಮುಳಬಾಗಿಲಿನಿಂದ ಹೊಸಕೋಟೆಯವರೆಗೆ ಎಷ್ಟಿದೆ ಹೇಳಿ. ಲೈಟು, ಕ್ಯಾಮೆರಾ, ಒಬ್ಬ ಕಾವಲುಗಾರ, ಇಷ್ಟಿದ್ದರೆ ಸಾಕು. ಮೊದಲು ಅದನ್ನು ಕೇಳಿ.

ಮುದ್ದೆ ಉಂಡು ಮೋಸ ಮಾಡಿದವನ ಬಗ್ಗೆ ನನಗೂ ಕೋಪ ಇದೆ. ಅವನಿಂದ ನಮಗೆಲ್ಲ ಕೆಟ್ಟ ಹೆಸರು.

ಮುಳಬಾಗಿಲು ತೋಟ

ಅಣ್ಣ, ಎಲ್ಲ ಡ್ರೈವರನ್ನೂ ನಾನು ಹೇಳಲಿಲ್ಲ. ನಮ್ಮ ಹಳೇ ಗಾಡಿಯವನು ಹನ್ನೊಂದು ವರ್ಷದಲ್ಲಿ ಒಂದು ಹಣ್ಣು ಕಡಿಮೆ ಮಾಡಿಲ್ಲ.

ನಿವೃತ್ತ ಎಎಸ್‌ಐ

ನಾನು ಇಲಾಖೆಯಲ್ಲಿದ್ದವನು, ಕೋಲಾರ ಮತ್ತು ಕೆಜಿಎಫ್ ಎರಡೂ ಕಡೆ ಕೆಲಸ ಮಾಡಿದ್ದೇನೆ. ಹೊರಗಿನವರಿಗೆ ಗೊತ್ತಿರುವುದಿಲ್ಲ, ಒಂದೇ ಕೋಲಾರ ಜಿಲ್ಲೆಯಲ್ಲಿ ಇಬ್ಬರು ಎಸ್‌ಪಿ ಇದ್ದಾರೆ. ಕೆಜಿಎಫ್, ಬಂಗಾರಪೇಟೆ, ಬೇತಮಂಗಲ ಕಡೆಯದು ಕೆಜಿಎಫ್ ಎಸ್‌ಪಿಗೆ ಸೇರುತ್ತದೆ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕೋಲಾರಕ್ಕೆ. ಅಂದರೆ ಗಾಡಿ ಜಿಲ್ಲೆ ಬಿಡುವ ಮೊದಲೇ ಎಸ್‌ಪಿ ಬದಲಾಗಬಹುದು. ಈ ಎರಡೂ, ಜೊತೆಗೆ ಚಿಕ್ಕಬಳ್ಳಾಪುರ, ತುಮಕೂರು ಎಲ್ಲ ಕೇಂದ್ರ ವಲಯದ ಐಜಿಪಿ ಕೆಳಗೆ ಬರುತ್ತವೆ. ಹಾಗಾಗಿ ನಮ್ಮ ಮೂರು ಜಿಲ್ಲೆಯ ಮಟ್ಟಿಗೆ ಒಂದು ಮಾತು ಹೇಳಿಸಲು ಒಬ್ಬರೇ ಅಧಿಕಾರಿ ಸಾಕು. ನಿಮ್ಮ ಅರ್ಜಿ ಅಲ್ಲಿಗೆ ಹೋಗಲಿ.

ಇನ್ನು ದೂರಿನ ವಿಷಯ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಅವರು ಬರೆದುಕೊಳ್ಳಬೇಕು, ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇದನ್ನೇ ಝೀರೋ ಎಫ್‌ಐಆರ್ ಅನ್ನುವುದು. "ಆಂಧ್ರಕ್ಕೆ ಹೋಗಿ" ಅನ್ನುವ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಬರೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಆಗಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ಮೆಸೇಜಿನಲ್ಲೋ ಮೇಲ್‌ನಲ್ಲೋ ದೂರು ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಬಿಟ್ಟಿ, ಕೇಳಿ ಪಡೆಯಿರಿ.

ದೂರು ಬರೆಯುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. "ಗಾಡಿ ಕಾಣೆಯಾಗಿದೆ" ಅಂತ ಬರೆಯುತ್ತಾರೆ. ಕಾಣೆ ಅಂದರೆ ನಾಳೆ ಬರಬಹುದು ಅಂತ ಎಲ್ಲರೂ ಕಾಯುತ್ತಾರೆ. ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಸಾಗಿಸಲು ಕೊಟ್ಟ ಮಾಲನ್ನು ಡ್ರೈವರ್ ನುಂಗಿದರೆ ಅದು ನಂಬಿಕೆ ದ್ರೋಹ. ಸಾಗಣೆದಾರ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 316(3), ಏಳು ವರ್ಷದವರೆಗೆ ಶಿಕ್ಷೆ. ನಿಂತ ಲಾರಿಯಿಂದ ಇಳಿಸಿಕೊಂಡರೆ ಅದು ಬರೀ ಕಳವಲ್ಲ. ಸರಕು ಗಾಡಿಯಿಂದ ಕದ್ದದ್ದಕ್ಕೆ 305ನೇ ಸೆಕ್ಷನ್ನಿನಲ್ಲಿ ಬೇರೆಯಾಗಿ ಹೇಳಿದೆ, ಅದಕ್ಕೂ ಏಳು ವರ್ಷ. ಅಡ್ಡ ಹಾಕಿ ಹೆದರಿಸಿ ಕಿತ್ತುಕೊಂಡರೆ ಸುಲಿಗೆ. ಅದು ಹೆದ್ದಾರಿಯಲ್ಲಿ, ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಆಗಿದ್ದರೆ ಹದಿನಾಲ್ಕು ವರ್ಷದವರೆಗೂ ಹೋಗುತ್ತದೆ.

ನಮ್ಮವರ ಕಷ್ಟವನ್ನೂ ಒಂದು ಮಾತು ಹೇಳುತ್ತೇನೆ. ರಾತ್ರಿ ಠಾಣೆಯಲ್ಲಿ ಇರುವುದೇ ನಾಲ್ಕೈದು ಜನ. ಬೇರೆ ರಾಜ್ಯಕ್ಕೆ ಹೋಗಬೇಕೆಂದರೆ ಅನುಮತಿ, ಗಾಡಿ, ಡೀಸೆಲ್. ಎಷ್ಟೋ ಸಲ ಊಟ, ರೂಮಿನ ದುಡ್ಡು ಕೈಯಿಂದ ಹಾಕಿ ಆಮೇಲೆ ಬಿಲ್ಲಿಗೆ ಅಲೆದಿದ್ದೇನೆ. ಅದಕ್ಕೇ "ಗಡಿ ದಾಟಿದೆ" ಅನ್ನುವುದು ಕೇಳಿದ ತಕ್ಷಣ ಮನುಷ್ಯ ಹಿಂದೆ ಸರಿಯುತ್ತಾನೆ. ಸರಿ ಅಂತ ಹೇಳುತ್ತಿಲ್ಲ, ಇರುವುದು ಹೇಳಿದೆ.

ನಂಗಲಿ ಅಂಗಡಿ

ಇನ್ನೊಂದು ತಮಾಷೆ ಕೇಳಿ. ನಮ್ಮ ಊರಿನ ಹತ್ತಿರ ಮೊಬೈಲ್ ಆಂಧ್ರದ ಟವರ್ ಹಿಡಿಯುತ್ತದೆ. ಒಂದು ಸಲ ನಮ್ಮ ಅಂಗಡಿ ಮುಂದೆ ಗಲಾಟೆ ಆಯಿತು ಅಂತ 112 ಒತ್ತಿದೆ. ಆ ಕಡೆಯಿಂದ ತೆಲುಗು. ನಾನು ತೆಲುಗಿನಲ್ಲೇ ಹೇಳಿದೆ, ನಮಗೇನು ಎರಡೂ ಒಂದೇ. "ಮೀರು ಕರ್ನಾಟಕ ಕದಂಡೀ", ಅಂದರೆ ನೀವು ಕರ್ನಾಟಕದವರಲ್ವಾ, ಅಂದು ಇಟ್ಟರು. ಈಗ ಹತ್ತಿರದ ಠಾಣೆಯ ನಂಬರನ್ನೇ ಗೋಡೆ ಮೇಲೆ ಬರೆದುಕೊಂಡಿದ್ದೇನೆ.

ತಿಪಟೂರು ಕೊಬ್ಬರಿ

ನೀವು ಟೊಮೆಟೊದವರು ಒಂದು ರಾತ್ರಿಯ ಕಥೆ ಹೇಳುತ್ತೀರಿ. ನಮ್ಮದು ನಿಧಾನದ ಕಳವು.

ಉಂಡೆ ಕೊಬ್ಬರಿ ಆಗಬೇಕೆಂದರೆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಇರಬೇಕು. ಒಂದು ವರ್ಷದ ದುಡಿಮೆ ತಲೆ ಮೇಲೆ ಇರುತ್ತದೆ, ಅಟ್ಟದ ಕೆಳಗೆ ಮಲಗಿರುತ್ತೇವೆ. 2025ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ಇತ್ತು, ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 20,000 ದಾಟಿ ಹೋಯಿತು. ಆವಾಗಿನಿಂದ ತೋಟದ ಮನೆಯಲ್ಲಿ ಕಾಯಿ ಬಿಟ್ಟು ಮದುವೆಗೆ ಹೋಗಲೂ ಹೆದರಿಕೆ.

ಕೊಬ್ಬರಿ ಕೊಳೆಯುವುದಿಲ್ಲ. ಕಳ್ಳನಿಗೆ ಅವಸರ ಇಲ್ಲ. ಇವತ್ತು ಎರಡು ಚೀಲ, ವಾರ ಬಿಟ್ಟು ಒಂದು ಚೀಲ, ಅದೂ ತಿಪಟೂರಿನಲ್ಲಿ ಅಲ್ಲ, ಪಕ್ಕದ ತಾಲ್ಲೂಕಿನ ಚಿಲ್ಲರೆ ವ್ಯಾಪಾರಿಗೆ. ನಮ್ಮಿಂದ ಅರಸೀಕೆರೆ ಎಷ್ಟು ದೂರ? ಬಸ್ಸಿನಲ್ಲಿ ಒಂದು ನಿದ್ದೆ ಮುಗಿಯುವುದಿಲ್ಲ. ಆದರೆ ಅದು ಹಾಸನ ಜಿಲ್ಲೆ, ಎಎಸ್‌ಐ ಸರ್ ಹೇಳಿದ ವಲಯವೂ ಬೇರೆ, ಅದು ಮೈಸೂರಿನ ದಕ್ಷಿಣ ವಲಯ. ಹಾಗಾಗಿ ನಮಗೆ ಒಬ್ಬ ಐಜಿಪಿ ಸಾಕಾಗುವುದಿಲ್ಲ ಸರ್.

ಪಾವಗಡ ಬಿಸಿಲು

ಎಲ್ಲರೂ ಗಡಿ ಗಡಿ ಅನ್ನುತ್ತಿದ್ದೀರಿ. ನಮ್ಮ ಪಾವಗಡದವರನ್ನು ಕೇಳಿ. ಮೂರು ಕಡೆ ಆಂಧ್ರ. ನಮ್ಮದೇ ಜಿಲ್ಲಾ ಕೇಂದ್ರ ತುಮಕೂರಿಗೆ ಕಡಲೆಕಾಯಿ ಗಾಡಿ ಹೋಗಬೇಕೆಂದರೂ ಮಧುಗಿರಿ ದಾರಿಯಲ್ಲಿ ಆಂಧ್ರ ತುಳಿದೇ ಹೋಗಬೇಕು. ದಾರಿ ಮಧ್ಯೆ ಏನಾದರೂ ಆದರೆ ಅದು ಯಾವ ಕಿಲೋಮೀಟರ್ ಕಲ್ಲಿನ ಹತ್ತಿರ ಆಯಿತು ಅಂತ ಮೊದಲು ಕೇಳುತ್ತಾರೆ.

ಚಿಂತಾಮಣಿ ಹುಡುಗ

ನಮ್ಮ ಅಕ್ಕನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅವನಿಗೆ ಈ ಚರ್ಚೆ ಕಳಿಸಿದೆ. ಅಲ್ಲೂ ಇದೇ ಕಥೆಯಂತೆ, ಟೊಮೆಟೊ ಬದಲು ಬಾದಾಮಿ, ಪಿಸ್ತಾ. 2015ರ ಸುಮಾರಿಗೆ ಸುಳ್ಳು ಕಾಗದ ತೋರಿಸಿ ಲಾರಿಗಟ್ಟಲೆ ಎತ್ತಿದ್ದಾರೆ. ಸಂಸ್ಕರಣೆ ಮಾಡುವ ಜಾಗಕ್ಕೆ ನಿಜವಾದ ಲಾರಿಗಿಂತ ಮೊದಲೇ ಬಂದು, ನಾವೇ ಆ ಟ್ರಾನ್ಸ್‌ಪೋರ್ಟಿನವರು ಅಂತ ಸಹಿ ಹಾಕಿ ತುಂಬಿಕೊಂಡು ಹೋಗುವುದು. ಬೀಗ ಒಡೆಯುವ ಕೆಲಸವೇ ಇಲ್ಲ.

ಅಲ್ಲಿ ತುಲಾರೆ ಅನ್ನುವ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯ ಹಾಗೆ, 1999ರಲ್ಲೇ ಕೃಷಿ ಕಳವಿಗೆ ಅಂತ ಒಂದು ಯೋಜನೆ ಶುರು ಮಾಡಿದರಂತೆ. ಆಮೇಲೆ ಸುತ್ತಲಿನ ಕೌಂಟಿಗಳೂ ಸೇರಿಕೊಂಡವು. ಮಾಹಿತಿ ಎಲ್ಲರಿಗೂ ಒಂದೇ. ರೈತನಿಗೆ ಒಂದು ನಂಬರ್ ಕೊಡುತ್ತಾರೆ, ಅವನು ಅದನ್ನು ಪಂಪು, ಟ್ರಾಕ್ಟರು, ಎಲ್ಲದರ ಮೇಲೂ ಅಚ್ಚು ಹಾಕಿಸುತ್ತಾನೆ. ಎಲ್ಲಿ ಸಿಕ್ಕರೂ ಯಾರದು ಅಂತ ಗೊತ್ತಾಗುತ್ತದೆ.

ಲಾರಿ ಜೀವನ

ಟೊಮೆಟೊ ಮೇಲೆ ನಂಬರ್ ಅಚ್ಚು ಹಾಕಿಸೋಣ ಬಿಡಿ.

ಕೋಲಾರ ಮಂಡಿ ರೈಟರ್

ನಗಬೇಡಿ, ಆ ನಂಬರ್ ನಮ್ಮಲ್ಲಿ ಆಗಲೇ ಇದೆ. ಕ್ರೇಟ್ ಮೇಲೆ.

ನಾನು ಮಂಡಿಯಲ್ಲಿ ಲೆಕ್ಕ ಬರೆಯುವವನು. ಪ್ರತಿ ಮಂಡಿಯದ್ದೂ ಕ್ರೇಟಿಗೆ ಒಂದು ಬಣ್ಣ, ಮೇಲೆ ಮಂಡಿಯ ಅಕ್ಷರ. 15 ಕೆಜಿ ಹಿಡಿಯುವ ಆ ಪ್ಲಾಸ್ಟಿಕ್ ಕ್ರೇಟೇ ನಮ್ಮ ಗುರುತಿನ ಚೀಟಿ. ಕಳ್ಳ ಮೊದಲು ಮಾಡುವ ಕೆಲಸ ಅಂದರೆ ಹಣ್ಣನ್ನು ಬೇರೆ ಕ್ರೇಟಿಗೆ ಸುರಿಯುವುದು. ಮುನ್ನೂರೈವತ್ತು ಬಾಕ್ಸ್ ಸುರಿಯಲು ಜಾಗ ಬೇಕು, ಆಳು ಬೇಕು, ಖಾಲಿ ಕ್ರೇಟು ಬೇಕು. ಇದನ್ನು ಒಬ್ಬ ಡ್ರೈವರ್ ಒಬ್ಬನೇ ಮಾಡಲು ಆಗುವುದಿಲ್ಲ. ಎಲ್ಲೋ ಒಂದು ಶೆಡ್ಡು ಇರುತ್ತದೆ, ಕೊಳ್ಳುವವನು ಮೊದಲೇ ಗೊತ್ತಿರುತ್ತಾನೆ. ಆ ನಿಮ್ಮ ಖಾಲಿ ಕ್ರೇಟು ಎಲ್ಲಿ ಬಿದ್ದಿದ್ದವು ಅಂತ ಕೇಳಿದಿರಾ?

ಇನ್ನೊಂದು. ಹಸಿ ತರಕಾರಿಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಸರಕಿನ ಜೊತೆ ಇರಬೇಕಾದ ಇ-ವೇ ಬಿಲ್ಲೂ ಬೇಡ. ರೈತನಿಗೆ ಅದು ಒಳ್ಳೆಯದೇ. ಆದರೆ ಐವತ್ತು ಸಾವಿರದ ಮೇಲಿನ ಅಡಿಕೆ ಲೋಡಿಗೆ ಇರುವ ಕಾಗದ, ಐದು ಲಕ್ಷದ ಟೊಮೆಟೊಗೆ ಇರುವುದಿಲ್ಲ. ದಾರಿಯಲ್ಲಿ ಪೊಲೀಸರು ನಿಲ್ಲಿಸಿ ಯಾರ ಮಾಲು ಅಂತ ಕೇಳಿದರೆ "ನನ್ನದೇ" ಅಂದರೆ ಮುಗಿಯಿತು. ಅವರಿಗೆ ಅನುಮಾನ ಬಂದರೂ ಹಿಡಿದಿಟ್ಟುಕೊಳ್ಳಲು ಆಧಾರ ಇಲ್ಲ. ಹಿಡಿದಿಟ್ಟು, ನಿಜವಾಗಿ ಅವನದೇ ಆಗಿದ್ದು, ಹಣ್ಣು ಬಿಸಿಲಿಗೆ ಕೆಟ್ಟರೆ ಯಾರು ಜವಾಬ್ದಾರಿ?

ಅದಕ್ಕೇ ನಾವು ನಮ್ಮ ಮಂಡಿಯಿಂದ ಹೋಗುವ ಪ್ರತಿ ಗಾಡಿಗೂ ಒಂದು ಚೀಟಿ ಕೊಡುತ್ತೇವೆ. ಯಾರ ಮಾಲು, ಎಷ್ಟು ಬಾಕ್ಸು, ಯಾವ ಬಣ್ಣ, ಎಲ್ಲಿಗೆ, ನಮ್ಮ ನಂಬರ್. ತೋಟದಿಂದ ನೇರ ಹೋಗುವ ಗಾಡಿಗೆ ಅದೂ ಇರುವುದಿಲ್ಲ. ನಿಮ್ಮದರಲ್ಲಿ ಇತ್ತಾ?

ಮುಳಬಾಗಿಲು ತೋಟ

ಇರಲಿಲ್ಲ. ಒಂದು ಹಾಳೆಯಲ್ಲಿ ಮಂಡಿ ಹೆಸರು, ಫೋನ್ ನಂಬರ್ ಬರೆದು ಕೊಟ್ಟಿದ್ದೆ, ಅಷ್ಟೇ. ಕ್ರೇಟು ನೂರರ ಮೇಲೆ ಸಿಕ್ಕವು, ಗಾಡಿ ಸಿಕ್ಕ ಜಾಗದಿಂದ ಐದಾರು ಕಿಲೋಮೀಟರ್ ದೂರದ ಒಂದು ಹಳೇ ಕೋಳಿ ಶೆಡ್ಡಿನ ಹಿಂದೆ. ಅದನ್ನು ನಾನು ಪೊಲೀಸರಿಗೆ ಹೇಳಿದೆ. ಆದರೆ ಆ ಶೆಡ್ಡು ಬೇರೆ ಠಾಣೆಗೆ ಸೇರುತ್ತದೆ ಅಂದರು. ನೀವು ಈಗ ಹೇಳಿದ ಮೇಲೆ ಅದರ ತೂಕ ಅರ್ಥ ಆಯಿತು. ನಾಳೆಯೇ ಮತ್ತೆ ಹೋಗುತ್ತೇನೆ.

ನಿವೃತ್ತ ಎಎಸ್‌ಐ

ಬರವಣಿಗೆಯಲ್ಲಿ ಕೊಡಿ, ಬಾಯಲ್ಲಿ ಹೇಳಬೇಡಿ. ಕದ್ದ ಮಾಲು ಇಟ್ಟುಕೊಂಡ ಜಾಗವೂ ಈ ಕೇಸಿನ ಭಾಗವೇ. ಕಳವಿನ ವಿಚಾರಣೆ ಕದ್ದ ಜಾಗದ ಕೋರ್ಟಿನಲ್ಲೂ ಆಗಬಹುದು, ಮಾಲು ಇಟ್ಟುಕೊಂಡ ಜಾಗದಲ್ಲೂ ಆಗಬಹುದು. ಪ್ರಯಾಣದಲ್ಲಿ ನಡೆದ ಅಪರಾಧವಾದರೆ ಗಾಡಿ ಹಾದು ಹೋದ ಯಾವ ಊರಿನ ಕೋರ್ಟಾದರೂ ನಡೆಯುತ್ತದೆ. ಕಾನೂನು ರಸ್ತೆಯನ್ನು ಒಂದೇ ಅಂತ ನೋಡುತ್ತದೆ. ಠಾಣೆಯ ಸರಹದ್ದು ಮಾಡಿಕೊಂಡಿದ್ದು ನಮ್ಮ ಅನುಕೂಲಕ್ಕೆ.

ರೈಟರ್ ಅವರು ಕೇಳಿದ ಕೆಡುವ ಮಾಲಿನ ಪ್ರಶ್ನೆಗೂ ಉತ್ತರ ಇದೆ. ಬೇಗ ಕೊಳೆಯುವ ಮಾಲನ್ನು ಕೇಸು ಮುಗಿಯುವವರೆಗೆ ಇಟ್ಟುಕೊಂಡು ಕೂರಬೇಕಾಗಿಲ್ಲ. ಕೋರ್ಟಿಗೆ ಹೇಳಿ ಮಾರಿಸಬಹುದು. ಫೋಟೋ, ವಿಡಿಯೋ ಸಾಕ್ಷಿಗೆ ಸಾಕು. ಆದರೆ ಭಾನುವಾರ ರಾತ್ರಿ ಹಿಡಿದ ಲೋಡಿಗೆ ಅದೆಲ್ಲ ಮಾಡಿಸಲು ಓಡಾಡುವ ಮನಸ್ಸು ಬೇಕು.

ಶಿಡ್ಲಘಟ್ಟ ಗೂಡು

ರೇಷ್ಮೆಯ ಕಡೆಯಿಂದ ಒಂದು ಮಾತು. ರೇಷ್ಮೆ ಗೂಡು ಟೊಮೆಟೊಗಿಂತ ಹಗುರ, ಬೆಲೆ ಎಷ್ಟೋ ಪಾಲು ಜಾಸ್ತಿ. ಒಂದು ಬೈಕಿನಲ್ಲಿ ಇಪ್ಪತ್ತು ಮೂವತ್ತು ಸಾವಿರದ ಗೂಡು ಕಟ್ಟಿಕೊಂಡು ಹೋಗಬಹುದು. ಹಾಗಿದ್ದರೂ ದಾರಿಯಲ್ಲಿ ಗೂಡು ಕದ್ದ ಸುದ್ದಿ ನಮ್ಮ ಕಡೆ ಕಡಿಮೆ. ಯಾಕೆ ಅಂತ ಯೋಚನೆ ಮಾಡಿದ್ದೇನೆ.

ಕದ್ದವನು ಎಲ್ಲಿ ಮಾರಬೇಕು? 1959ರ ಕಾನೂನಿನ ಪ್ರಕಾರ ಗೂಡು ಸರ್ಕಾರಿ ಮಾರುಕಟ್ಟೆಗೇ ಬರಬೇಕು. ಅಲ್ಲಿ ಬಂದರೆ ಹೆಸರು, ಲಾಟ್ ನಂಬರ್, ಹರಾಜು, ದುಡ್ಡು ಬ್ಯಾಂಕಿಗೆ. ಹೊರಗೆ ಕದ್ದುಮುಚ್ಚಿ ಮಾರುವವರು ಇಲ್ಲ ಅಂತ ಅಲ್ಲ, ಇದ್ದಾರೆ. ಆದರೆ ಕ್ವಿಂಟಾಲುಗಟ್ಟಲೆ ಮಾರಿದರೆ ಊರಿಗೇ ಗೊತ್ತಾಗುತ್ತದೆ. ಟೊಮೆಟೊವನ್ನು ಯಾವ ಮಂಡಿಯಲ್ಲಾದರೂ ನಸುಕಿನಲ್ಲಿ ಇಳಿಸಿ, ಬಾಯಿಗೆ ಬಂದ ಹೆಸರು ಹೇಳಿ, ನಗದು ಎಣಿಸಿಕೊಂಡು ತಿಂಡಿ ಹೊತ್ತಿಗೆ ಮನೆ ಸೇರಬಹುದು. ರಸ್ತೆಯಲ್ಲಿ ಹಿಡಿಯುವುದು ಕಷ್ಟ. ಇಳಿಸುವ ಕಡೆ ಹಿಡಿಯುವುದು ಸುಲಭ ಅಲ್ವಾ?

ಕೋಲಾರ ಮಂಡಿ ರೈಟರ್

ನೂರಕ್ಕೆ ನೂರು. ಆದರೆ ಒಪ್ಪಿಕೊಳ್ಳಬೇಕಾದ ಮಾತೊಂದಿದೆ, ನಮ್ಮವರೇ ಬೈದರೂ ಸರಿ. ರೇಟು ಏರಿದಾಗ ಗುರುತಿಲ್ಲದ ಗಾಡಿ ಬಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಮಾಲು ಸಿಕ್ಕರೆ ಸಾಕು. ಬಾಕ್ಸ್ 50 ರೂಪಾಯಿಗೆ ಬಿದ್ದು ರೈತರು ರಸ್ತೆಗೆ ಸುರಿಯುವಾಗ ಕಳ್ಳನೂ ಇಲ್ಲ, ಪ್ರಶ್ನೆಯೂ ಬೇಡ. ಏರಿದಾಗ ಮಾತ್ರ ಕೇಳಬೇಕು, ಆಗಲೇ ಕೇಳುವುದಿಲ್ಲ.

ಗುರುತಿಲ್ಲದ ಮಾರಾಟಗಾರ ಬಂದರೆ ಗಾಡಿ ನಂಬರ್, ಡ್ರೈವರ್ ಫೋಟೋ, ಕ್ರೇಟಿನ ಫೋಟೋ. ಇಷ್ಟು ತೆಗೆದುಕೊಳ್ಳಲು ಎರಡು ನಿಮಿಷ ಬೇಡ. ದುಡ್ಡು ನಗದು ಬೇಡ, ಖಾತೆಗೆ ಹಾಕಿ.

ಹೊಸಕೋಟೆ ಟ್ರಾನ್ಸ್‌ಪೋರ್ಟ್

ಟ್ರಾನ್ಸ್‌ಪೋರ್ಟ್ ಆಫೀಸಿನವನಾಗಿ ನಾನೂ ಹೇಳುತ್ತೇನೆ. ಬ್ರೋಕರ್ ಫೋನಿನಲ್ಲಿ ಕಳಿಸುವ ಆರ್‌ಸಿ, ಲೈಸೆನ್ಸ್ ಫೋಟೋ ನೋಡಿ ಲೋಡ್ ಮಾಡಬೇಡಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ. ಚಾಸಿಸ್ ನಂಬರನ್ನು ಗಾಡಿಯ ಮೇಲಿನದಕ್ಕೆ ಹೋಲಿಸಿ. ನಂಬರ್ ಪ್ಲೇಟ್ ಬದಲಿಸಬಹುದು, ಚಾಸಿಸ್ ಕಷ್ಟ. ಮಾಲೀಕನಿಗೆ ನೀವೇ ಫೋನ್ ಮಾಡಿ, ಬ್ರೋಕರ್ ಕೊಟ್ಟ ನಂಬರಿಗೆ ಅಲ್ಲ. ಫಾಸ್ಟ್ಯಾಗ್ ಮೆಸೇಜು ಮಾಲೀಕನ ಮೊಬೈಲಿಗೆ ಹೋಗುತ್ತದೆ, ರಾತ್ರಿ ಮುಗಿಯುವವರೆಗೆ ಅದನ್ನು ನಿಮಗೆ ಫಾರ್ವರ್ಡ್ ಮಾಡಲಿ ಅಂತ ಮೊದಲೇ ಮಾತಾಡಿಕೊಳ್ಳಿ. ಮುಳಬಾಗಿಲಿನವರ ಕೇಸಿನಲ್ಲಿ 11:25ಕ್ಕೇ ಗೊತ್ತಾಗುತ್ತಿತ್ತು.

ಆದರೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಮೇಲೆ ಕಣ್ಣಿಡಿ. ಹೊಸಕೋಟೆಯಿಂದ ಬೇತಮಂಗಲದವರೆಗೆ ಸುಮಾರು 70 ಕಿಲೋಮೀಟರ್ ಗಾಡಿಗಳು ಓಡುತ್ತಿವೆ. ಊರಿಲ್ಲ, ಅಂಗಡಿಯಿಲ್ಲ, ನೇರ ರಸ್ತೆ. ಮಾಲೂರಿನಲ್ಲಿ ಹತ್ತಿದವನು ಕೆಜಿಎಫ್ ಕಡೆ ಇಳಿಯುವುದರೊಳಗೆ ನೀವು ಠಾಣೆ ಬಾಗಿಲು ತಟ್ಟಿರುವುದಿಲ್ಲ.

ಬಾಡಿಗೆ ಚೀಟಿಯ ಬಗ್ಗೆ: 2007ರ ರಸ್ತೆ ಸಾಗಣೆ ಕಾನೂನು ಇದೆ. ನೋಂದಾಯಿತ ಟ್ರಾನ್ಸ್‌ಪೋರ್ಟ್ ಆದರೆ ಸರಕಿನ ರಸೀದಿ ಕೊಡಲೇಬೇಕು. ಮಾಲಿನ ಬೆಲೆಯನ್ನು ಅದರಲ್ಲಿ ಬರೆಸಿ. ಮಾಲು ಹೋದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು, ಆಮೇಲೆ ಕೊಟ್ಟರೆ ನಡೆಯುವುದಿಲ್ಲ. ಬೆಲೆ ಬರೆಸದೇ ಇದ್ದರೆ ಪರಿಹಾರ ಬಾಡಿಗೆಯ ಲೆಕ್ಕಕ್ಕೆ ನಿಂತುಬಿಡುತ್ತದೆ.

ಲಾರಿ ಜೀವನ

ಇದು ಸರಿ. ಫೋಟೋ ತೆಗೆಯಿರಿ, ನಾನೇ ಗಾಡಿ ಮುಂದೆ ನಿಂತು ತೆಗೆಸಿಕೊಳ್ಳುತ್ತೇನೆ. ನೆಟ್ಟಗಿರುವ ಡ್ರೈವರ್‌ಗೆ ಅದರಿಂದ ಒಳ್ಳೆಯದೇ. ಮಧ್ಯ ರಾತ್ರಿ ಪೊಲೀಸರು ನಿಲ್ಲಿಸಿ "ಯಾರ ಮಾಲು" ಅಂದರೆ ತೋರಿಸಲು ಕಾಗದ ಇರುತ್ತದೆ. ಎಷ್ಟೋ ಕಡೆ ಕಾಗದ ಇಲ್ಲ ಅಂತಲೇ ಕೈ ಬಿಸಿ ಮಾಡಬೇಕಾಗುತ್ತದೆ.

ಶ್ರೀನಿವಾಸಪುರ ಮಾವು

ಎರಡು ರಾಜ್ಯದ ಪೊಲೀಸರು ಗಡಿಯಲ್ಲಿ ಸೇರಿ ನಿಲ್ಲುವುದು ಆಗುವುದಿಲ್ಲ ಅನ್ನುವವರಿಗೆ ನನ್ನದೊಂದು ಪ್ರಶ್ನೆ. 2025ರ ಜೂನಿನಲ್ಲಿ ನಮ್ಮ ತೋತಾಪುರಿಯನ್ನು ಚಿತ್ತೂರು ಜಿಲ್ಲೆಯೊಳಗೆ ಬಿಡಲಿಲ್ಲ. ಪೊಲೀಸ್, ಕಂದಾಯ, ಅರಣ್ಯ, ಮಾರುಕಟ್ಟೆ, ಎಲ್ಲ ಇಲಾಖೆಯವರೂ ಚೆಕ್‌ಪೋಸ್ಟಿನಲ್ಲಿ ನಿಂತರು. ನಮ್ಮ ಮುಖ್ಯಮಂತ್ರಿ ಅವರ ಮುಖ್ಯಮಂತ್ರಿಗೆ ಪತ್ರ ಬರೆಯಬೇಕಾಯಿತು. ನಾನು ಎರಡು ಲೋಡು ವಾಪಸ್ ತಂದವನು. ರೈತನದೇ ಮಾವು ತಡೆಯಲು ಒಂದೇ ರಾತ್ರಿಯಲ್ಲಿ ಅಷ್ಟು ಜನ ಬಂದರು. ಕದ್ದ ಮಾಲಿಗೆ ಒಬ್ಬರು ಬರಲಿ.

ನಿವೃತ್ತ ಎಎಸ್‌ಐ

ಮಾವಿನವರ ಮಾತು ಚುಚ್ಚಿತು, ಆದರೆ ನಿಜ.

ಗಡಿ ಜಿಲ್ಲೆಗಳ ಎಸ್‌ಪಿಗಳು ಆಗಾಗ ಸೇರಿ ಸಭೆ ಮಾಡುತ್ತಾರೆ. ನಾನೂ ಟೀ ಕೊಡುವ ಕಡೆ ನಿಂತು ಕೇಳಿದ್ದೇನೆ. ಚುನಾವಣೆ, ಸಾರಾಯಿ, ಗಾಂಜಾ, ರಕ್ತಚಂದನ, ಮರಳು. ತರಕಾರಿ ಗಾಡಿ ಆ ಪಟ್ಟಿಯಲ್ಲಿ ಇರುವುದಿಲ್ಲ, ಯಾಕೆಂದರೆ ಯಾರೂ ಕೇಳಿಲ್ಲ. ಜೂನ್, ಜುಲೈಗೆ ಮುಂಚೆ, ಟೊಮೆಟೊ ಏರುವ ಹೊತ್ತಿಗೆ, ಅದನ್ನೂ ಸೇರಿಸಿ ಅಂತ ಕೇಳಿ. ಕೇಳುವುದು ದೊಡ್ಡದಾಗಿರಬಾರದು. "ವಿಶೇಷ ಪಡೆ ಮಾಡಿ" ಅಂದರೆ ಅರ್ಜಿ ಅಲ್ಲೇ ಇರುತ್ತದೆ. ಗಡಿಯ ಹತ್ತು ಠಾಣೆಯ ರಾತ್ರಿ ಅಧಿಕಾರಿಗಳ ಫೋನ್ ಒಂದು ಗುಂಪಿನಲ್ಲಿರಲಿ, ಗಾಡಿ ನಂಬರ್ ಬಂದರೆ ತಕ್ಷಣ ಹಾಕಲಿ, ಟೋಲ್‌ನವರಿಗೆ ಒಂದು ಫೋನ್ ಹೋಗಲಿ. ಇಷ್ಟು ಕೇಳಿ. ಇದಕ್ಕೆ ದುಡ್ಡು ಬೇಡ, ಆದೇಶ ಸಾಕು.

ಮಂಡಿಯವರೂ ಒಂದು ಗುಂಪು ಮಾಡಲಿ. ಕೋಲಾರ, ಚಿಂತಾಮಣಿ, ಮದನಪಲ್ಲಿ, ಪಲಮನೇರು, ಕೋಯಂಬೇಡು. ನಿಮಗೆ ಅಲ್ಲೆಲ್ಲ ಪರಿಚಯ ಇರುತ್ತದೆ. ಪೊಲೀಸ್ ಗುಂಪಿಗಿಂತ ಅದು ಬೇಗ ಓಡುತ್ತದೆ, ನನ್ನ ಅನುಭವ.

ತಿಪಟೂರು ಕೊಬ್ಬರಿ

ಎಎಸ್‌ಐ ಸರ್, ಆ ಹತ್ತು ಠಾಣೆಯಲ್ಲಿ ಅರಸೀಕೆರೆಗೂ ಒಂದು ಜಾಗ ಇಡಿ.

ಮುಳಬಾಗಿಲು ತೋಟ

ಎಲ್ಲರಿಗೂ ಉತ್ತರ ಬರೆಯಲು ಮೂರು ದಿನ ಆಯಿತು. ಕ್ರೇಟಿನ ವಿಷಯ ಬರೆದು ಕೊಟ್ಟೆ, ಸ್ವೀಕೃತಿ ಹಾಕಿಸಿಕೊಂಡೆ. ಈ ಸಲ ಕೂತಿದ್ದ ಅಧಿಕಾರಿ ಒಳ್ಳೆಯವರು. ಕ್ರೇಟಿನ ಬಣ್ಣ, ಅಕ್ಷರ ಕೇಳಿ ಅವರೇ ಆ ಶೆಡ್ಡಿನ ಠಾಣೆಗೆ ಫೋನ್ ಮಾಡಿದರು. ನನ್ನ ಎದುರಿಗೇ. ಐದು ನಿಮಿಷದ ಕೆಲಸ.

ಅರ್ಜಿಯ ಕರಡು ಬರೆದಿದ್ದೇನೆ. ಒಂದೇ ಪುಟ. ಒಂದು ಪ್ರತಿ ಕೋಲಾರ ಎಸ್‌ಪಿ ಕಚೇರಿಗೆ, ಒಂದು ಕೆಜಿಎಫ್‌ಗೆ, ಒಂದು ಐಜಿಪಿ ಕಚೇರಿಗೆ. ಗುರುವಾರ ಹನ್ನೊಂದಕ್ಕೆ ಕೋಲಾರ ಎಪಿಎಂಸಿ ಗೇಟಿನ ಹತ್ತಿರ ಸೇರೋಣ. ರೈಟರ್ ಅವರೇ, ನಿಮ್ಮ ಮಂಡಿಯ ಆ ಚೀಟಿಯ ಒಂದು ಖಾಲಿ ಪ್ರತಿ ತನ್ನಿ, ಅದೇ ಮಾದರಿಯಲ್ಲಿ ನಮ್ಮೂರಿನವರಿಗೂ ಅಚ್ಚು ಹಾಕಿಸುತ್ತೇನೆ.

ಕೋಲಾರ ಮಂಡಿ ರೈಟರ್

ತರುತ್ತೇನೆ. ಆದರೆ ಹನ್ನೊಂದಕ್ಕೆ ಬೇಡ, ಆಗ ಹರಾಜಿನ ಗಲಾಟೆಯಲ್ಲಿ ಉಸಿರಾಡಲೂ ಬಿಡುವುದಿಲ್ಲ. ಮೂರಕ್ಕೆ ಬನ್ನಿ. ಮತ್ತೆ ಆ ನೂರು ಕ್ರೇಟು ಯಾವ ಬಣ್ಣ ಅಂದಿರಿ? ಹಸಿರಾಗಿದ್ದರೆ ಅದರಲ್ಲಿ ಇಪ್ಪತ್ತು ನಮ್ಮವೇ ಇರಬಹುದು.

ಲಾರಿ ಜೀವನ

ನಾನೂ ಬರುತ್ತೇನೆ. ಲಾರಿ ಎಲ್ಲಿ ನಿಲ್ಲಿಸಲಿ?